ಮೂಡಲಕ್ಕೆ ಮುಖ ಮಾಡಿದ ಮೀಟರುಗಳು

ಒಂದು ಮೀಟರಿಗೆ ಮೂವತ್ತೆಂಟು ಸಾವಿರ ರೂಪಾಯಿ. ಅಂಥವು ಹನ್ನೆರಡು. ಅಲ್ಲಿಗೆ ನಾಲ್ಕು ಲಕ್ಷ ಐವತ್ತಾರು ಸಾವಿರ.

ಇತ್ತ ಹಳೇ ಹುಬ್ಬಳ್ಳಿಯ ರಾತ್ರಿ ವಸತಿಯಲ್ಲಿ ಇಪ್ಪತ್ನಾಲ್ಕು ಹಾಸಿಗೆ. ರಾತ್ರಿ ಎರಡು ರೊಟ್ಟಿ, ಪಲ್ಯ, ಅನ್ನ, ಸಾರು. ಬೆಳಿಗ್ಗೆ ಒಂದು ತಾಟು ಉಪ್ಪಿಟ್ಟು, ಅರ್ಧ ಕಪ್ಪು ಚಹಾ. ತಲೆಗೆ ನಲವತ್ತು ರೂಪಾಯಿ, ದಿನಕ್ಕೆ ಒಂಬೈನೂರಾ ಅರವತ್ತು. ಅಲ್ಲಿ ಅಡುಗೆ ಮಾಡುವ ಕಸ್ತೂರೆವ್ವ ರೊಟ್ಟಿ ಬಡಿಯುತ್ತಲೇ ಆ ದೊಡ್ಡ ಲೆಕ್ಕವನ್ನು ಈ ಸಣ್ಣ ಲೆಕ್ಕದಿಂದ ಭಾಗಿಸಿದಳು. ಏಳನೇ ರೊಟ್ಟಿ ಹಂಚಿನ ಮೇಲೆ ಬೀಳುವ ಹೊತ್ತಿಗೆ ಉತ್ತರ ಬಂತು: ನಾನೂರಾ ಎಪ್ಪತ್ತೈದು ದಿನ.

“ವರ್ಷದ ಮ್ಯಾಲ ನೂರಾಹತ್ತು ದಿನದ ಊಟ ಬೇ ಇದು. ಕಂಬ ಆಗಿ ರಸ್ತಾದಾಗ ನಿಂತೈತಿ,” ಎಂದಳು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದಕವ್ವನಿಗೆ.

ವಸತಿಯಲ್ಲೇ ಮಲಗುವ, ಹಗಲೆಲ್ಲ ದುರ್ಗದಬೈಲಿನ ಮಾರ್ಕೆಟ್ಟಿನಲ್ಲಿ ಕೂರುವ ಮುದಕವ್ವನಿಗೆ ಎಪ್ಪತ್ತು ದಾಟಿತ್ತು. ಬಾಯಲ್ಲಿ ಹಲ್ಲು ನಾಲ್ಕು, ಮಾತು ನಲವತ್ತು. “ನಿಂತರ ನಿಂದ್ರಲಿ ತಗೋ. ದುರ್ಗದಬೈಲಾಗ ನನಗ ಬೆನ್ನ ಆನಿಸಾಕ ಒಂದು ಆಸರಾ ಆತು.”

ಆ ಮೀಟರುಗಳನ್ನು ನೆಟ್ಟಿದ್ದು ನಗರ ನೆರಳು ಸಮಿತಿ. ವಸತಿಯನ್ನು ನಡೆಸುತ್ತಿದ್ದುದೂ ಅದೇ. ಎದೆಮಟ್ಟದ ಹಸಿರು ಕಂಬ, ಅದರ ತಲೆಗೆ ಕೊಡದಂಥ ಡಬ್ಬಿ, ಡಬ್ಬಿಗೆ ನಾಣ್ಯ ಹಾಕುವ ಒಂದು ಸೀಳು, ಗಾಜಿನ ಹಿಂದೆ ಗಡಿಯಾರದ ಹಾಗೆ ಒಂದು ಮುಳ್ಳು. ದುಡ್ಡು ಬಿದ್ದರೆ ಮುಳ್ಳು ಒಮ್ಮೆ ಎದ್ದು ಮತ್ತೆ ಮಲಗುತ್ತಿತ್ತು. ಕೆಳಗೆ ಫಲಕ: “ಕೈಗೆ ಕೊಡಬೇಡಿ, ಮೀಟರಿಗೆ ಕೊಡಿ. ನಿಮ್ಮ ದಾನ ಮನೆಯಿಲ್ಲದವರ ಊಟಕ್ಕೆ.”

ಯೋಜನೆ ತಂದವನು ಸಮಿತಿಯ ಅಧಿಕಾರಿ ರಾಜಶೇಖರ. ಧಾರವಾಡದ ಹುಡುಗ, ಮೂವತ್ತರ ಆಸುಪಾಸು, ಒಳ್ಳೆಯವನು. ಯಾವುದೋ ದೇಶದಲ್ಲಿ ಹೀಗೆ ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದ್ದ. ಒಳ್ಳೆಯವರು ಮೊಬೈಲಿನಲ್ಲಿ ಏನಾದರೂ ನೋಡಿದರೆ ಬಡವರು ಸ್ವಲ್ಪ ಹುಷಾರಾಗಿರಬೇಕು ಎಂಬುದು ಕಸ್ತೂರೆವ್ವನ ಅನುಭವ.

“ನೋಡ್ರಿ ಕಸ್ತೂರೆವ್ವಾರ, ಮಂದಿ ಕೈಯಾಗ ಕೊಟ್ಟ ರೊಕ್ಕ ಎಲ್ಲೆಲ್ಲೋ ಹೋಗ್ತೈತಿ. ಮೀಟರಿಗೆ ಹಾಕಿದ್ದು ಸೀದಾ ನಿಮ್ಮ ಗಡಿಗ್ಯಾಗ ಬಂದು ಬೀಳ್ತೈತಿ.”

“ಬಿದ್ದರ ಛಲೋನ ಆತಲ್ರೀ ಸಾಹೇಬ್ರ. ಬೀಳಲಿಲ್ಲಂದ್ರ?”

ರಾಜಶೇಖರ ಕನ್ನಡಕ ಒರೆಸಿಕೊಂಡ. ಬೀಳದಿದ್ದರೆ ಏನು ಎಂಬುದು ಕಾಗದದಲ್ಲಿ ಬರೆದಾಗಿತ್ತು. ಜನವರಿಯಿಂದ ಮೂರು ತಿಂಗಳು ನೋಡುವುದು. ಮಾರ್ಚ್ ತಿಂಗಳಲ್ಲಿ ಊಟದ ಖರ್ಚಿನ ಅರ್ಧವಾದರೂ, ಅಂದರೆ ಹದಿನಾಲ್ಕು ಸಾವಿರದ ನಾನೂರು ರೂಪಾಯಿ, ಮೀಟರುಗಳಿಂದ ಬರಬೇಕು. ಬಾರದಿದ್ದರೆ ಈ ಹಳೆಯ ಅರಳೆ ಗೋದಾಮನ್ನು ಖಾಲಿ ಮಾಡಿ ಎಲ್ಲರನ್ನೂ ಶಿರಗುಪ್ಪಿಯ ಆಚೆಗಿನ ಒಂದು ತಗಡಿನ ಶೆಡ್ಡಿಗೆ ಸಾಗಿಸುವುದು.

ಸಾಗಿಸುವುದು ಎಂದು ಬರೆಯುವುದು ಸುಲಭ. ವಸತಿಯಲ್ಲಿ ಮಲಗುವವರಲ್ಲಿ ಹೆಚ್ಚಿನವರು ಬೆಳಗಿನ ನಾಲ್ಕಕ್ಕೆ ಮಾರ್ಕೆಟ್ಟಿಗೆ ಹಮಾಲಿಗೆ ಹೋಗುವವರು, ಬಸ್ಸು ತೊಳೆಯುವವರು. ಆ ಹೊತ್ತಿಗೆ ಶಿರಗುಪ್ಪಿಯಿಂದ ಅವರಿಗೆ ಬಸ್ಸು ಎಲ್ಲಿಯದು? ಎರಡು ದಿನ ಶೆಡ್ಡಿನಲ್ಲಿದ್ದು ಮೂರನೇ ದಿನ ಫುಟ್‌ಪಾತಿಗೇ ಬರುತ್ತಾರೆ. ಇನ್ನು ಶೆಡ್ಡಿಗೆ ಊಟ ವ್ಯಾನಿನಲ್ಲಿ ಬರುವುದಂತೆ; ಅಡುಗೆಯವಳು ಬೇಕಿಲ್ಲವಂತೆ. ಕಸ್ತೂರೆವ್ವನಿಗೆ ತಿಂಗಳಿಗೆ ಒಂಬತ್ತು ಸಾವಿರ ಪಗಾರ, ಜೊತೆಗೆ ಗೋದಾಮಿನ ಮೆಟ್ಟಿಲ ಕೆಳಗೆ ಒಂದು ಕೋಣೆ. ಗಂಡ ತೀರಿಕೊಂಡ ವರ್ಷ ಭಾವಂದಿರು ಹೊರಗೆ ಹಾಕಿದಾಗ ಅವಳು ಎಂಟು ತಿಂಗಳು ಸ್ಟೇಶನ್ ಎದುರಿನ ಫುಟ್‌ಪಾತಿನಲ್ಲಿ ಮಲಗಿದವಳು. ಅಲ್ಲಿ ನಿದ್ದೆಗಿಂತ ಚಪ್ಪಲಿ ಕಾಯುವುದೇ ದೊಡ್ಡ ಕೆಲಸ. ಮತ್ತೆ ಅಲ್ಲಿಗೆ ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಇನ್ನೊಂದು ನಿಯಮವೂ ಇತ್ತು: ವಸತಿಯವರು ಯಾರಾದರೂ ಭಿಕ್ಷೆ ಬೇಡಿದರೆ ಅವರ ಹಾಸಿಗೆ ರದ್ದು.

ಮೀಟರುಗಳು ನಿಂತ ಮೊದಲ ವಾರ ಊರಿಗೆ ಅವು ಏನೆಂದೇ ತಿಳಿಯಲಿಲ್ಲ. ಆಟೋದವರು ಅದನ್ನು ಗಾಡಿ ನಿಲ್ಲಿಸುವ ಬಾಡಿಗೆಯ ಯಂತ್ರವೆಂದು ತಿಳಿದು ಆ ಕಡೆ ಸುಳಿಯುವುದನ್ನೇ ಬಿಟ್ಟರು. ಸ್ಟೇಶನ್ ರಸ್ತೆಯಲ್ಲಿ ಒಬ್ಬ ಐದು ರೂಪಾಯಿ ಹಾಕಿ, ಕಾಲು ಜೋಡಿಸಿ ನೆಟ್ಟಗೆ ನಿಂತು, ತೂಕದ ಚೀಟಿ ಬರಲಿಲ್ಲವೆಂದು ಕಂಬಕ್ಕೆ ಒದ್ದು ಹೋದ. ಜನವರಿಯ ಕೊನೆಗೆ ಡಬ್ಬಿಗಳನ್ನು ತೆರೆದಾಗ ಹನ್ನೊಂದು ಮೀಟರುಗಳಿಂದ ಒಟ್ಟು ಸಾವಿರದ ನೂರಾ ನಲವತ್ತು ರೂಪಾಯಿ, ಎರಡು ಅಂಗಿ ಗುಂಡಿ, ಮತ್ತು ಮಗಳ ಮದುವೆ ಆದರೆ ಐನೂರಾಒಂದು ಹಾಕುತ್ತೇನೆಂಬ ಒಂದು ಹರಕೆಯ ಚೀಟಿ ಸಿಕ್ಕವು. ದುರ್ಗದಬೈಲಿನ ಮೂಲೆಯ ಏಳನೇ ನಂಬರಿನ ಮೀಟರು ಒಂದೇ ಮೂರು ಸಾವಿರದ ಇನ್ನೂರಾ ಅರವತ್ತು ಕೊಟ್ಟಿತ್ತು.

“ಅದ್ಯಾಕ ಅದೊಂದೇ?” ಎಂದು ರಾಜಶೇಖರ ತಲೆ ಕೆರೆದುಕೊಂಡ. ಕಸ್ತೂರೆವ್ವನೂ ಕೆರೆದುಕೊಂಡಳು, ಅವನ ಎದುರಿಗೆ. ಅವಳಿಗೆ ಕಾರಣ ಗೊತ್ತಾಗಿ ಆಗಲೇ ಹದಿನೈದು ದಿನವಾಗಿತ್ತು.

ಗೊತ್ತಾದದ್ದು ಹೀಗೆ. ಒಂದು ಮುಂಜಾನೆ ಬದನೆಕಾಯಿ ತರಲು ದುರ್ಗದಬೈಲಿಗೆ ಹೋಗಿದ್ದಳು. ಮೀಟರಿಗೆ ಬೆನ್ನು ಆನಿಸಿ, ಸೀರೆಯ ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ಮುದಕವ್ವ ಕೂತಿದ್ದಳು. ಹೊಸ ಆಟೋದ ಒಬ್ಬ ಮಾಲೀಕ ಬಂದ. ಆಟೋಕ್ಕೆ ಲಿಂಬೆಹಣ್ಣು, ಹನ್ನೊಂದು ರೂಪಾಯಿ ನಿವಾಳಿಸಿಕೊಂಡು ಬಂದಿದ್ದ. ಹೊಸ ಗಾಡಿಗೆ, ಎಳೆಗೂಸಿಗೆ, ಮದುಮಗಳಿಗೆ ನೆದರು, ಕೆಟ್ಟ ದೃಷ್ಟಿ, ತಾಗಬಾರದೆಂದು ಸುತ್ತ ತಿರುಗಿಸಿದ ದುಡ್ಡನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅದನ್ನು ಒಬ್ಬರ ಕೈಗೆ ಕೊಡಬೇಕು. ಇಸಿದುಕೊಂಡವರು ಪೀಡೆಯನ್ನೂ ಇಸಿದುಕೊಂಡು ಬಾಯಿ ತುಂಬ ಹರಸಬೇಕು. ಆಗಲೇ ಲೆಕ್ಕ ಮುಗಿಯುವುದು. ಆಟೋದವನು ಫಲಕ ಓದಿದ, ಮೀಟರು ನೋಡಿದ, ಮುದುಕಿಯನ್ನು ನೋಡಿದ.

“ಅಜ್ಜೀ, ಕೈಯಾಗ ಕೊಡಬ್ಯಾಡ್ರಿ ಅಂತ ಬರದಾರಲ್ಲ?”

“ಹೌದಪಾ. ನನ್ನ ಕೈಯಾಗ ಕೊಡಬ್ಯಾಡ, ನನ್ನ ಹಾಸಗಿ ಹೊಕ್ಕೈತಿ. ಆ ಡಬ್ಬೀ ಬಾಯಾಗ ಹಾಕು.”

“ಡಬ್ಬಿಗಿ ಹಾಕಿದ್ರ ಪೀಡಾ ಯಾರ ತಗೋತಾರ? ಕಬ್ಬಿಣ ಏನ ತಗೋತೈತಿ?”

“ರೊಕ್ಕ ಅದು ತಗೋಲಿ, ಪೀಡಾ ನಾ ತಗೋತೇನಿ. ಹಾಕ ನೀ.”

ಹನ್ನೊಂದು ರೂಪಾಯಿ ಠಣ್ಣೆಂದು ಬಿತ್ತು. ಮುಳ್ಳು ಎದ್ದು ಮಲಗಿತು. ಮುದಕವ್ವ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡೇ ಕಣ್ಣು ಮುಚ್ಚಿ ಶುರು ಮಾಡಿದಳು: “ಹೋತು ನಿನ್ನ ಪೀಡಾ, ತುಂಬಿತು ನಿನ್ನ ಮನಿ. ಅಡ್ಡ ಬಂದ ಎಮ್ಮಿ ಸರದ ಹೋಗ್ಲಿ, ಅಡ್ಡ ಬಂದ ಪೊಲೀಸಾ ನಕ್ಕ ಹೋಗ್ಲಿ. ಟಾಯರ ತಣ್ಣಗಿರ್ಲಿ, ಹೆಣ್ತಿ ಬೆಚ್ಚಗಿರ್ಲಿ.” ಆಟೋದವನು ನಕ್ಕು, ಖುಷಿಯಾಗಿ, ಇನ್ನೊಂದು ಹತ್ತು ರೂಪಾಯಿ ಮಡಿಸಿ ಡಬ್ಬಿಗೆ ತುರುಕಿ ಹೋದ.

ಕಸ್ತೂರೆವ್ವ ಬದನೆಕಾಯಿ ಮರೆತು ನಿಂತಳು. ಯಂತ್ರಕ್ಕೆ ದುಡ್ಡು ಇಸಿದುಕೊಳ್ಳಲು ಬರುತ್ತದೆ, ಹರಸಲು ಬರುವುದಿಲ್ಲ. ಈ ಊರಿನ ಮಂದಿ ಕೊಡುವುದಕ್ಕೆ ಹಿಂದೆ ಮುಂದೆ ನೋಡುವುದಿಲ್ಲ, ಆದರೆ ಕೊಟ್ಟದ್ದಕ್ಕೆ ಒಂದು ಮಾತು ತಿರುಗಿ ಬರಬೇಕು. ಹನ್ನೊಂದು ಮೀಟರುಗಳು ಮೂಕವಾಗಿ ನಿಂತಿದ್ದವು. ಏಳನೆಯದಕ್ಕೆ ಬಾಯಿ ಇತ್ತು.

“ಅಲ್ಲ ಬೇ, ಮಂದಿ ಪೀಡಾ ಎಲ್ಲಾ ಮೈಮ್ಯಾಲ ತಗೋತಿ, ಹೆದರಿಕಿ ಇಲ್ಲ ನಿನಗ?” ಎಂದು ಕೇಳಿದಳು.

“ಏನ ಹೆದರಿಕಿ? ಪೀಡಾಕ್ಕ ಕುಂದ್ರಾಕ ಒಂದು ಮನಿ ಬೇಕವಾ. ಹೊಸಲಿ ಬೇಕು, ಕಪಾಟ ಬೇಕು. ನನ್ನ ಹತ್ತರ ಬಂದರ ಎಲ್ಲಿ ಕುಂದ್ರಬೇಕ ಅದು? ಸಂಜಿತನಾ ಹಸದು ತಾನ ಎದ್ದ ಹೊಕ್ಕೈತಿ.”

ಕಸ್ತೂರೆವ್ವ ಈ ಸುದ್ದಿಯನ್ನು ರಾಜಶೇಖರನಿಗೆ ಹೇಳಲಿಲ್ಲ. ಹೇಳಿದರೆ ಅವನು ನಿಯಮ ಎತ್ತಿ ತೋರಿಸುತ್ತಾನೆ, ಮುದಕವ್ವನ ಹಾಸಿಗೆ ಹೋಗುತ್ತದೆ. ತಿಳಿದದ್ದನ್ನೆಲ್ಲ ಆಡಿಬಿಡುವವರು ಅಡುಗೆಮನೆಯಲ್ಲಿ ಬಹಳ ದಿನ ಉಳಿಯುವುದಿಲ್ಲ.

ಆದರೆ ಕಾರಣ ಸಿಗದಿದ್ದರೆ ದೊಡ್ಡವರು ಸುಮ್ಮನಿರುವುದಿಲ್ಲ, ಒಂದನ್ನು ಮಾಡಿಕೊಳ್ಳುತ್ತಾರೆ. ಸಮಿತಿಯ ಅಧ್ಯಕ್ಷ ಯಂಕಣ್ಣನಿಗೆ ಮೂರು ಖಾನಾವಳಿಗಳಿದ್ದವು. ಮೂರರಲ್ಲೂ ಗಲ್ಲೆಪೆಟ್ಟಿಗೆ ಯಾವ ದಿಕ್ಕಿಗಿರಬೇಕೆಂದು ಅಳೆದು ಇಟ್ಟವನು ಅವನು. ಏಳನೇ ಮೀಟರಿನ ಮುಂದೆ ನಿಂತು, ಸೂರ್ಯನನ್ನು ನೋಡಿ, ಹೊಟ್ಟೆಯ ಮೇಲೆ ಕೈಯಾಡಿಸಿ ಹೇಳಿದ: “ನೋಡ್ರಿ ರಾಜಶೇಖರ, ಇದರ ಮಾರಿ ಮೂಡಲಕ್ಕೈತಿ. ಉಳಿದಾವು ತೆಂಕಲಕ್ಕ, ಪಡುವಲಕ್ಕ ನಿಂತಾವು. ಲಕ್ಷ್ಮಿ ಹೆಂಗ ಬರಬೇಕು?”

ಒಂದು ಮೀಟರನ್ನು ಕಿತ್ತು, ತಿರುಗಿಸಿ, ಮತ್ತೆ ಸಿಮೆಂಟು ಹಾಕಿ ನಿಲ್ಲಿಸಲು ಸಾವಿರದ ಎಂಟುನೂರು. ಹನ್ನೊಂದಕ್ಕೆ ಹತ್ತೊಂಬತ್ತು ಸಾವಿರದ ಎಂಟುನೂರು. ಕಸ್ತೂರೆವ್ವ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟಳು: ಇಪ್ಪತ್ತು ದಿನದ ಊಟ. ಫೆಬ್ರವರಿಯ ಮೊದಲ ವಾರ ಹನ್ನೆರಡೂ ಮೀಟರುಗಳು ಮೂಡಲಕ್ಕೆ ಮುಖ ಮಾಡಿ ನಿಂತವು. ಸ್ಟೇಶನ್ ರಸ್ತೆಯದು ರಸ್ತೆಗೆ ಬೆನ್ನು ಹಾಕಿತು. ಗೋಪನಕೊಪ್ಪದ್ದು ಒಂದು ಮನೆಯ ಕಂಪೌಂಡ್ ಗೋಡೆಯನ್ನು ಗೇಣು ದೂರದಿಂದ ದಿಟ್ಟಿಸತೊಡಗಿತು. ಅದಕ್ಕೆ ದುಡ್ಡು ಹಾಕಬೇಕೆಂದರೆ ಗಟಾರದಲ್ಲಿ ಒಂದು ಕಾಲಿಟ್ಟು ನಿಲ್ಲಬೇಕಿತ್ತು.

ಫೆಬ್ರವರಿಯ ಲೆಕ್ಕ ಬಂತು. ತಿರುಗಿಸಿದ ಹನ್ನೊಂದರಿಂದ ಒಂಬೈನೂರಾ ಅರವತ್ತು, ಅಂದರೆ ಮೊದಲಿಗಿಂತಲೂ ಕಡಿಮೆ. ಏಳನೆಯದರಿಂದ ಐದು ಸಾವಿರದ ನೂರಾ ಎಂಬತ್ತು.

“ಹೊಸಾ ದಿಕ್ಕಿಗೆ ಹೊಂದಿಕೊಳ್ಳಾಕ ಸ್ವಲ್ಪ ಟೈಮ್ ಹಿಡೀತೈತಿ,” ಎಂದ ಯಂಕಣ್ಣ, ಮೀಟರುಗಳು ಸೊಸೆಯಂದಿರೋ ಎಂಬಂತೆ.

ರಾಜಶೇಖರನಿಗೆ ಮಾತ್ರ ಸಮಾಧಾನವಿರಲಿಲ್ಲ. ಮಾರ್ಚ್ ಒಂದನೇ ತಾರೀಖು ತಾನೇ ದುರ್ಗದಬೈಲಿಗೆ ಹೋದ. ಮೀಟರಿಗೆ ಒರಗಿ ಬಿಸಿಲಿನಲ್ಲಿ ಕೂತ ಮುದಕವ್ವನನ್ನು ನೋಡಿದ. ಅವಳು ಬೇಡುತ್ತಿದ್ದಾಳೆಂದು ಅವನಿಗೆ ಅನಿಸಲೇ ಇಲ್ಲ, ಕೈ ಎರಡೂ ಸೆರಗಿನೊಳಗೆ ಇದ್ದವಲ್ಲ. ನಮ್ಮ ವಸತಿಯ ಅಜ್ಜಿ ಹೀಗೆ ಬಿಸಿಲಲ್ಲಿ ಒಣಗುವುದೇ ಎಂದುಕೊಂಡ. ಅವಳನ್ನು ತನ್ನ ಹೊಸ ಕಾರಿನಲ್ಲಿ ಕೂಡಿಸಿಕೊಂಡು ಬಂದು, ಗೋದಾಮಿನ ಒಳಗೆ ಫ್ಯಾನಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಎದುರಿಗೆ ಒಂದು ಹಳೆಯ ಟೀವಿ. “ಅಜ್ಜಿನ್ನ ಹಗಲೊತ್ತು ಹೊರಗ ಬಿಡಬ್ಯಾಡ್ರಿ ಕಸ್ತೂರೆವ್ವಾರ. ವಯಸ್ಸಾದವರು.” ಕುರ್ಚಿಯಲ್ಲಿ ಕೂತ ಮುದಕವ್ವನ ಫೋಟೋ ತೆಗೆದುಕೊಂಡು ಹೋದ.

ಒಳ್ಳೆಯವನು. ಒಂದು ಕುರ್ಚಿಯಿಂದ ಏಳನೇ ಮೀಟರಿನ ಬಾಯಿ ಕಟ್ಟಿದ.

ಹತ್ತನೇ ತಾರೀಖಿಗೆ ಹನ್ನೆರಡೂ ಡಬ್ಬಿಗಳನ್ನು ತೆರೆದು ನೋಡಿದರು. ನಾನೂರಾ ಹತ್ತು ರೂಪಾಯಿ. ಏಳನೆಯದರಲ್ಲಿ ಎಂಬತ್ತೈದು. ರಾಜಶೇಖರ ಗೋದಾಮಿನ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಮುಖ ಹಸಿ ಮೆಣಸಿನಕಾಯಿ ತಿಂದಂತಾಗಿತ್ತು.

“ಶಿರಗುಪ್ಪಿಗೆ ಹೋಗೂದು ಗ್ಯಾರಂಟಿ ಆತ್ರಿ. ಏಪ್ರಿಲ್ ಒಂದಕ್ಕ ಲಾರಿ ಬರ್ತೈತಿ. ನಾ ಏನ ಮಾಡ್ಲಿ ಹೇಳ್ರಿ?”

“ನೀವು ಚಹಾ ಕುಡೀರಿ ಸಾಹೇಬ್ರ,” ಎಂದಳು ಕಸ್ತೂರೆವ್ವ. “ಉಳಿದದ್ದು ನೋಡೂಣು.”

ಅವನು ಹೋದ ಮೇಲೆ ಒಳಗೆ ಬಂದರೆ ಮುದಕವ್ವ ಟೀವಿಗೆ ಬೆನ್ನು ಹಾಕಿ ಕೂತಿದ್ದಳು. “ನನ್ನ ಹೊರಗ ಬಿಡ ಬೇ. ಕುರ್ಚಿ ಕೊಟ್ಟ ಹೊತ್ತಿನಿಂದ ಪೀಡಾಕ್ಕ ಜಾಗಾ ಸಿಕ್ಕೈತಿ. ನೋಡಲ್ಲಿ, ಆ ಪೆಟಗ್ಯಾಗ ಕುಂತು ಅತ್ತಿ-ಸೊಸಿ ಹತ್ತು ದಿನದಿಂದ ಅಳಾಕತ್ತಾರ. ಒಬ್ಬರರ ಕಣ್ಣ ಒರಸ್ಕೊಳ್ಳವಲ್ರು.”

ಕಸ್ತೂರೆವ್ವ ಟೀವಿ ಆರಿಸಿದಳು. ಇನ್ನೂ ಇಪ್ಪತ್ತೊಂದು ದಿನ, ಹದಿಮೂರು ಸಾವಿರದ ಒಂಬೈನೂರಾ ತೊಂಬತ್ತು. ಮುದಕವ್ವ ಒಬ್ಬಳಿಂದ ಅದು ಆಗುವಂಥದ್ದಲ್ಲ. ಅಂದು ರಾತ್ರಿ ಊಟಕ್ಕೆ ಕೂತವರನ್ನು ಅವಳು ಹೊಸ ಕಣ್ಣಿನಿಂದ ನೋಡಿದಳು. ಸಾಲಿನ ತುದಿಯಲ್ಲಿ ಅಬ್ದುಲಮಜೀದ ಚಾಚಾ. ಮೂವತ್ತು ವರ್ಷ ಪ್ರತಿ ಗುರುವಾರ ಅಂಗಡಿ ಅಂಗಡಿಗೆ ಲೋಬಾನದ ಹೊಗೆ ಹಾಕಿ, ನವಿಲುಗರಿಯಿಂದ ಗಲ್ಲೆ ಸವರಿ ಹರಸಿದವನು. ಅವನ ಪಕ್ಕದಲ್ಲಿ ಮೈಲಾರಪ್ಪ, ಡಮರುಗ ಬಾರಿಸಿ ಮನೆ ಮನೆ ಹರಸುತ್ತಿದ್ದ ಕರಿ ಕಂಬಳಿಯ ಗೊರವಪ್ಪ. ಅವನ ಡಮರುಗ ದಿಂಬಿನ ಕೆಳಗೆ ಮಲಗಿ ಎರಡು ವರ್ಷವಾಗಿತ್ತು. ಹರಸುವ ಬಾಯಿಗಳನ್ನೆಲ್ಲ ಒಳಗೆ ಕೂಡಿಸಿ ರೊಟ್ಟಿ ತುರುಕುತ್ತಿದ್ದೇವೆ, ಹರಸಲಾರದ ಕಂಬಗಳನ್ನು ಹೊರಗೆ ನಿಲ್ಲಿಸಿದ್ದೇವೆ ಎಂದುಕೊಂಡಳು.

ವಿಷಯ ಹೇಳಿದಳು. ಶಿರಗುಪ್ಪಿ ಎಂದ ಕೂಡಲೇ ಎಲ್ಲರ ಕೈ ತಾಟಿನಲ್ಲಿ ನಿಂತಿತು.

“ಬೇಡಿದ್ರ ಹಾಸಗಿ ಹೊಕ್ಕೈತೆಲ್ಲ ಕಸ್ತೂರಕ್ಕಾ?” ಎಂದ ಮೈಲಾರಪ್ಪ.

“ಬೇಡಬ್ಯಾಡ್ರಿ. ಯಾರ ಬೇಡ್ರಿ ಅಂದ್ರು? ಹರಸ್ರಿ. ಬಾಯಿ ತೆರೀರಿ, ಕೈ ಮುಚ್ರಿ. ಯಾರರ ಕೈಯಾಗ ಒಂದು ರೂಪಾಯಿ ಕಂಡರ ಆ ರಾತ್ರಿ ರೊಟ್ಟಿ ಇಲ್ಲ, ನನ್ನಾಣಿ.”

“ಮೇರೆ ದೋನೋ ಹಾಥ್ ಭರೇ ರಹತೇ,” ಎಂದು ನಕ್ಕ ಚಾಚಾ. “ಎರಡೂ ಕೈ ತುಂಬಿರತಾವ. ಒಂದರಾಗ ಧೂಪದ ಬಟ್ಟಲಾ, ಒಂದರಾಗ ನವಿಲಗರಿ. ಯಾರ ಕೊಟ್ರೂ ತಗೊಳ್ಳಾಕ ಮೂರನೇ ಕೈ ಎಲ್ಲೈತಿ?”

ಉಳಿದವರಿಗೆ ಮುದಕವ್ವ ಮೂರು ದಿನ ಪಾಠ ಮಾಡಿದಳು. ಕಷ್ಟವಾದದ್ದು ಹಮಾಲಿ ಹನಮೇಶನದು. ನೂರು ಕೇಜಿ ಚೀಲ ಎತ್ತುವ ಗಂಟಲು. ಅವನು ಹರಸಿದರೆ ಜಗಳಕ್ಕೆ ಬಂದಂತಿರುತ್ತಿತ್ತು.

“ಛಲೋ ಆಗ್ತೈತಿ, ಹೋಗ!”

“ಯಪ್ಪಾ, ಹಂಗ ಅಂದ್ರ ಮಂದಿ ಹಾಕಿದ್ದೂ ತಕ್ಕೊಂಡ ಓಡ್ತಾರ,” ಎಂದಳು ಮುದಕವ್ವ. “ಮೆತ್ತಗ ಅನ್ನು. ಕೂಸಿಗೆ ಅಂದಂಗ.”

“ಛಲೋ... ಆಗ್ತೈತಿ... ಹೋಗ,” ಎಂದ ಹನಮೇಶ ಮೆತ್ತಗೆ. ಅದು ಇನ್ನೂ ಭಯಂಕರವಾಗಿತ್ತು. ಕೊನೆಗೆ ಅವನನ್ನು ಗೋಪನಕೊಪ್ಪಕ್ಕೆ ಹಾಕಿದರು. ಗಟಾರದ ಮೇಲೆ ಹಲಗೆ ಇಟ್ಟು, ಮುದುಕರನ್ನು ಕೈಹಿಡಿದು ದಾಟಿಸಿ, ದುಡ್ಡು ಹಾಕಿಸಿ, ತಿರುಗಿ ದಾಟಿಸುವುದು. ಅವನು ಹೇಳಬೇಕಾದದ್ದು ಒಂದೇ ಮಾತು: “ಹುಷಾರ್‍ರಿ.” ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಕೇಳಿದವರಿಗೂ ಹರಕೆಯಂತೆಯೇ ಕೇಳುತ್ತಿತ್ತು. ಹಲಗೆ ದಾಟುವ ಮೋಜಿಗೇ ಆ ಓಣಿಯ ಹೆಂಗಸರು ಸಂಜೆ ಸಂಜೆ ಐದೈದು ರೂಪಾಯಿ ಹಾಕತೊಡಗಿದರು.

ಮಾರ್ಚ್ ಹದಿಮೂರಕ್ಕೆ ಹನ್ನೆರಡು ಮೀಟರುಗಳಿಗೂ ಬಾಯಿ ಬಂತು. ಗುರುವಾರ ಬಂದರೆ ಚಾಚಾನ ಹೊಗೆ ಹುಡುಕಿಕೊಂಡು ಅಂಗಡಿಯವರು ತಾವೇ ಮೀಟರಿನ ಹತ್ತಿರ ಬಂದರು. ಸ್ಟೇಶನ್ ರಸ್ತೆಯಲ್ಲಿ ಮೈಲಾರಪ್ಪನ ಡಮರುಗ ಕೇಳಿ ಜನ ಕಂಬದ ಹಿಂದಕ್ಕೆ ಸುತ್ತಿ ಬಂದು, ಹಣೆಗೆ ಅರಿಸಿನದ ಭಂಡಾರ ಹಚ್ಚಿಸಿಕೊಂಡು, ಡಬ್ಬಿಗೆ ಹಾಕಿ ಹೋದರು. ಕಸ್ತೂರೆವ್ವ ಉಪ್ಪಿಟ್ಟು ಇಳಿಸಿ, ಕೈಚೀಲ ಹಿಡಿದು, ತರಕಾರಿಯ ನೆಪದಲ್ಲಿ ಒಂದು ಸುತ್ತು ಹಾಕುವಳು. ಕುರ್ಚಿಯ ಮೇಲೆ ಮುದಕವ್ವನ ಬದಲು ಒಂದು ಕೌದಿ ಹೊದಿಸಿದ ದಿಂಬು ಕೂತಿರುತ್ತಿತ್ತು, ಯಾರಾದರೂ ಕಿಟಕಿಯಿಂದ ಇಣುಕಿದರೆ ಇರಲಿ ಎಂದು. ಟೀವಿ ಅದರ ಎದುರಿಗೆ ಅಳುತ್ತಿತ್ತು.

ಯುಗಾದಿಯ ಮುಂಚಿನ ಅಮಾವಾಸ್ಯೆ ಬಂತು. ಆ ದಿನ ಊರಿನ ಪ್ರತಿ ಗಾಡಿಗೂ, ಅಂಗಡಿಗೂ, ಕೂಸಿಗೂ ನಿವಾಳಿಸುವವರೇ. ಏಳನೇ ಮೀಟರಿನ ಮುಂದೆ ಬೆಳಿಗ್ಗೆ ಒಂಬತ್ತಕ್ಕೇ ಸಾಲು. ಮುದಕವ್ವನ ಗಂಟಲು ಒಣಗಬಾರದೆಂದು ಕಸ್ತೂರೆವ್ವ ಬೆಲ್ಲದ ನೀರು ತಂದು ಪಕ್ಕಕ್ಕೆ ನಿಂತಿದ್ದಳು. ಅಷ್ಟರಲ್ಲಿ ರಸ್ತೆಯಂಚಿಗೆ ಒಂದು ಹೊಸ ಕಾರು ನಿಂತಿತು. ರಾಜಶೇಖರ ಇಳಿದ. ಸ್ಟೇಶನ್ ರಸ್ತೆಯ ಡಮರುಗ ನೋಡಿ, ಲೋಬಾನದ ಹೊಗೆ ಕುಡಿದು, ಗೋದಾಮಿನಲ್ಲಿ ದಿಂಬನ್ನು “ಅಜ್ಜಿ, ಅಜ್ಜಿ” ಎಂದು ಕರೆದು ಬಂದಿದ್ದ.

“ಏನ್ರಿ ಇದು ಕಸ್ತೂರೆವ್ವಾರ? ನಿಯಮ ಗೊತ್ತಿಲ್ಲೇನ್ರಿ ನಿಮಗ? ಹನ್ನೆರಡೂ ಕಡೆ ನಮ್ಮ ಮಂದೀನ ಬೇಡಾಕ ಕುಂತಾರ! ಇವತ್ತ ಯಂಕಣ್ಣಾರ ಕಿವಿಗೆ ಬಿದ್ದರ ಎಲ್ಲಾರ ಹಾಸಗೀನೂ ರದ್ದು!”

ಮುದಕವ್ವ ಅರ್ಧ ಹರಕೆಯಲ್ಲೇ ನಿಲ್ಲಿಸಿದಳು. ಕಸ್ತೂರೆವ್ವನ ದನಿ ಹಿಟ್ಟು ಸೋಸಿದಷ್ಟು ಸಣ್ಣಗೆ ಬಂತು.

“ಯಾರರ ಕೈ ಚಾಚ್ಯಾರೇನ್ರಿ ಸಾಹೇಬ್ರ? ನೋಡ್ರಿ. ಮುದಕವ್ವಾ, ಕೈ ಎಲ್ಲಿ ಅದಾವ ಬೇ?”

“ಸೆರಗಿನಾಗ ಅದಾವು,” ಎಂದಳು ಮುದಕವ್ವ. “ತಗೀಲೇನು?”

“ಬ್ಯಾಡ, ಅಲ್ಲೇ ಇರ್ಲಿ. ನಿಮ್ಮ ಹಲಗಿಮ್ಯಾಲ ಏನ ಬರದೀರಿ ಸಾಹೇಬ್ರ? ಕೈಗೆ ಕೊಡಬ್ಯಾಡ್ರಿ, ಮೀಟರಿಗೆ ಕೊಡ್ರಿ. ಇವರು ಅದನ್ನ ಬಾಯಿ ಬಿಟ್ಟು ಹೇಳಾಕತ್ತಾರ, ಅಷ್ಟ.”

“ಆದರ ಇದು... ಮಂದಿ ಮೂಢನಂಬಿಕಿ ಮ್ಯಾಲ...”

ಕಸ್ತೂರೆವ್ವ ಅವನ ಕಾರಿನ ಕಡೆ ನೋಡಿದಳು. ಬೆಳ್ಳಗೆ ಹೊಳೆಯುತ್ತಿತ್ತು. ಮುಂದೆ ಹಚ್ಚಿದ ಅರಿಸಿನ ಕುಂಕುಮ ಇನ್ನೂ ಉದುರಿರಲಿಲ್ಲ. ಧಾರವಾಡದ ತಾಯಂದಿರನ್ನು ಅವಳು ಬಲ್ಲಳು.

“ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮವ್ವಾರು ಹೊಸಾ ಗಾಡಿಗೆ ಏನೂ ನಿವಾಳಿಸಲಿಲ್ಲೇನ್ರಿ?”

ರಾಜಶೇಖರನ ಕಿವಿಗಳು ಕೆಂಪಾದವು. ಕಾರಿನ ಕಡೆ ತಿರುಗಿ ಹೇಳಿದ: “ಇಪ್ಪತ್ತೊಂದು ರೂಪಾಯಿ ಕೊಟ್ಟಾಳ್ರಿ. ಯಾವದರ ಒಬ್ಬ ಮುದುಕಿ ಕೈಯಾಗ ಕೊಡು ಅಂದಿದ್ಲು. ಕೈಯಾಗ ಕೊಡಬಾರದು ಅಂತ ನಾನ ಬರಸೇನಿ. ಮೀಟರಿಗೆ ಹಾಕೂಣು ಅಂದ್ರ... ಮನಸ್ಸು ಬರಲಿಲ್ರಿ.”

“ಮತ್ತ ಎಲ್ಲೈತ್ರಿ ಆ ರೊಕ್ಕ?”

“ಗಾಡ್ಯಾಗ ಐತಿ.”

“ಎಷ್ಟ ದಿನಾ ಆತು?”

“ಮೂರು ವಾರ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುದಕವ್ವ ಮಾತ್ರ ನಗಲಿಲ್ಲ. “ಯಪ್ಪಾ ನನ ಕೂಸ! ಮೂರು ವಾರ ಪೀಡಾನ್ನ ಬಾಜೂ ಕುಂದ್ರಸ್ಕೊಂಡು ತಿರಗಾಡೀಯೇನು? ಲಗೂನ ತಾ.”

ಅವನು ಕಾರಿನ ಬಾಗಿಲು ತೆಗೆದು ಕರವಸ್ತ್ರದ ಗಂಟೊಂದನ್ನು ತಂದ. ಒಳಗೆ ಒಣಗಿ ಗೋಲಿಯಾದ ಲಿಂಬೆಹಣ್ಣು, ಒಂದು ಇಪ್ಪತ್ತರ ನೋಟು, ಒಂದು ರೂಪಾಯಿ. ಸಾಲಿನವರು ಅವನಿಗೆ ದಾರಿ ಬಿಟ್ಟರು. ಯೋಜನೆ ತಂದ ಅಧಿಕಾರಿ ತನ್ನ ಮೀಟರಿಗೆ ಮೊದಲ ಬಾರಿ ದುಡ್ಡು ಹಾಕಿದ. ಮುಳ್ಳು ಎದ್ದು ಮಲಗಿತು.

“ಹೋತು ನಿನ್ನ ಪೀಡಾ, ತುಂಬಿತು ನಿನ್ನ ಮನಿ,” ಎಂದಳು ಮುದಕವ್ವ. “ಬರದ ಕಾಗದಾ ಎಲ್ಲಾ ಖರೇ ಆಗ್ಲಿ. ಮ್ಯಾಲಿನವರು ಓದದ ಸಹಿ ಮಾಡ್ಲಿ. ನಿಮ್ಮವ್ವನ ಹೊಟ್ಟಿ ತಣ್ಣಗಿರ್ಲಿ.”

ರಾಜಶೇಖರ ಕನ್ನಡಕ ತೆಗೆದು ಒರೆಸಿದ. ಒರೆಸುವುದು ಈ ಸಲ ಸ್ವಲ್ಪ ಹೆಚ್ಚು ಹೊತ್ತೇ ಹಿಡಿಯಿತು. ಆಮೇಲೆ ಕಸ್ತೂರೆವ್ವನನ್ನು ಪಕ್ಕಕ್ಕೆ ಕರೆದ.

“ರೊಕ್ಕ ಕೂಡತೈತಿ ಅನ್ಕೋರಿ. ವರದ್ಯಾಗ ಏನಂತ ಬರೀಲ್ರಿ? ನಮ್ಮ ಮಂದಿ ಕುಂತು ಹರಸಿದ್ರು ಅಂತ ಬರದ್ರ ನಿಯಮದಾಗ ಸಿಕ್ಕೊಂತಾರ.”

“ಅದಕ್ಯಾಕ ಚಿಂತಿ? ಮೂಡಲಕ್ಕ ತಿರಗಿಸಿದ್ದಕ್ಕ ಬಂತು ಅಂತ ಬರೀರಿ.”

“ಅದು ಸುಳ್ಳಲ್ಲೇನ್ರಿ?”

“ಯಂಕಣ್ಣಾರಿಗೆ ಖರೇನ ಅಲ್ರೀ? ಓದಿ ಸಹಿ ಮಾಡವರು ಅವರು. ಅವರ ಖರೇ ಅವರಿಗಿರ್ಲಿ, ನಮ್ಮ ರೊಟ್ಟಿ ನಮಗಿರ್ಲಿ.”

ಮಾರ್ಚ್ ಮೂವತ್ತೊಂದರ ಸಂಜೆ ಹನ್ನೆರಡು ಡಬ್ಬಿಗಳ ದುಡ್ಡನ್ನು ಹನ್ನೆರಡು ಚೀಲಗಳಲ್ಲಿ ತಂದು ಒಂದೊಂದಾಗಿ ಗೋದಾಮಿನ ಜಮಖಾನೆಯ ಮೇಲೆ ಸುರಿದರು. ಯಂಕಣ್ಣ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಮುದಕವ್ವನ ಕುರ್ಚಿಯೇ ಅದು. ಇಪ್ಪತ್ನಾಲ್ಕು ಜನ ಗೋಡೆಗೆ ಒರಗಿ ನಿಂತು ನೋಡಿದರು. ಹೊರಗೆ ನಾಳಿನ ಲಾರಿಯವನು ಹೂಂ ಅಥವಾ ಊಹೂಂ ಕೇಳಿಕೊಂಡು ಹೋಗಲು ಬಂದು ನಿಂತಿದ್ದ. ಹನ್ನೆರಡು ಸಾವಿರ ದಾಟಿತು. ಹದಿಮೂರಾಯಿತು. ಬಾಕಿ ಚೀಲಗಳು ಕಡಿಮೆಯಾಗುತ್ತ ಬಂದಂತೆ ಕಸ್ತೂರೆವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೋಪನಕೊಪ್ಪ ಎಂದು ಬರೆದ ಕೊನೆಯ ಚೀಲ, ಹನಮೇಶನದು, ಒಂದೇ ಬಾಕಿ ಉಳಿದಾಗ ಲೆಕ್ಕ ಹದಿನಾಲ್ಕು ಸಾವಿರದ ಇನ್ನೂರಾ ಐವತ್ತಕ್ಕೆ ನಿಂತಿತ್ತು. ಚೀಲ ಬಿಚ್ಚಿದರು. ಒಂಬೈನೂರಾ ಎಂಬತ್ತು.

ಹದಿನೈದು ಸಾವಿರದ ಇನ್ನೂರಾ ಮೂವತ್ತು.

“ನಾ ಹೇಳಿರಲಿಲ್ಲೇನ್ರಿ?” ಎಂದು ಯಂಕಣ್ಣ ಕುರ್ಚಿಯಿಂದ ಎದ್ದ. “ಗೋಡಿಗೆ ಮಾರಿ ಮಾಡಿ ನಿಂತಿದ್ದ ಮೀಟರಿಗೂ ಬಂತು! ದಿಕ್ಕು ಅಂದ್ರ ದಿಕ್ಕು!”

“ಹೌದ್ರಿ ಮಾಲಕರ,” ಎಂದಳು ಕಸ್ತೂರೆವ್ವ. “ಮೂಡಲಕ್ಕ ಬಾಳ ಶಕ್ತಿ ಐತ್ರಿ.” ಹಿಂದೆ ಹನಮೇಶ ಕೆಮ್ಮಿದ, ಅವನ ಕೆಮ್ಮಿಗೆ ಕಿಟಕಿ ಅಲುಗಿತು.

ಏಪ್ರಿಲ್‌ನಲ್ಲಿ ಒಂದು ಸಣ್ಣ ಸಮಾರಂಭವಾಯಿತು. ದಿಕ್ಕು ಕಂಡುಹಿಡಿದದ್ದಕ್ಕೆ ಯಂಕಣ್ಣನಿಗೆ ಶಾಲು ಹೊದಿಸಿದರು. ಕಸ್ತೂರೆವ್ವ ಎಲ್ಲರಿಗೂ ಚಹಾ ಕೊಟ್ಟಳು. ಶಾಲು ಇನ್ನೂರಾ ಐವತ್ತು, ಚಹಾ ನೂರಾ ಎಂಬತ್ತು.

ಒಂದು ವಿಷಯ ಮಾತ್ರ ವರದಿಯಲ್ಲಿ ಇಲ್ಲ. ಮೀಟರು ಬರುವ ಮೊದಲು ಮುದಕವ್ವನ ಕೈಗೆ ಬೀಳುತ್ತಿದ್ದ ಚಿಲ್ಲರೆಯಲ್ಲಿ ಅವಳ ಎಲೆ, ಅಡಿಕೆ, ತಂಬಾಕು ನಡೆಯುತ್ತಿತ್ತು. ಈಗ ಬಂದದ್ದೆಲ್ಲ ಡಬ್ಬಿಗೆ. ತಂಬಾಕಿಲ್ಲದ ಬಾಯಿಂದ ಹರಕೆ ಚೆನ್ನಾಗಿ ಹೊರಡುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿಬಿಟ್ಟಿದ್ದಳು. ದಿನಕ್ಕೆ ಹತ್ತು ರೂಪಾಯಿ. ಅದನ್ನು ಕಸ್ತೂರೆವ್ವ ತನ್ನ ಪಗಾರದಿಂದ ಕೊಡುತ್ತಾಳೆ.

ವಸತಿಗೆ ಇನ್ನೊಂದು ವರ್ಷ ಮಂಜೂರಾಯಿತು. ಇಪ್ಪತ್ನಾಲ್ಕು ಹಾಸಿಗೆ ಉಳಿದವು, ಮೆಟ್ಟಿಲ ಕೆಳಗಿನ ಕೋಣೆ ಉಳಿಯಿತು. ತಿಂಗಳಿಗೆ ಮುನ್ನೂರು ರೂಪಾಯಿ ಹೋಯಿತು.